ಕಾರ್ಡು ಕೂರುತ್ತೆ ಸಾರ್, ಕೇಬಲ್ಲು?

ಗೇಮಿಂಗ್ ಪಿಸಿ ಕಟ್ಟಿಸೋಕೆ ಬಂದವರು ಕೂತ ತಕ್ಷಣ ಕೇಳೋದು ಒಂದೇ. "ಚಿಕ್ಕ ಕ್ಯಾಬಿನೆಟ್ ಬಿಸಿ ಆಗುತ್ತಲ್ವಾ? ದೊಡ್ಡದೇ ಸೇಫ್ ಅಲ್ವಾ?" ನೇರ ಉತ್ತರ ಇಲ್ಲ. ಮುಂಭಾಗವೆಲ್ಲ ಗಾಜು ಮುಚ್ಚಿದ ದೊಡ್ಡ ಟವರ್‌ಗಿಂತ ಪಕ್ಕಗಳಲ್ಲಿ ಜಾಲರಿ ಇರುವ 18 ಲೀಟರ್ ಗಾತ್ರದ ಚಿಕ್ಕ ಡಬ್ಬಿಯೇ ತಣ್ಣಗಿರಬಹುದು. ಗಾಳಿಗೆ ದಾರಿ ಇದ್ದರೆ ಸೈಜಿನ ಚಿಂತೆ ಅರ್ಧ ಕಡಿಮೆ.

ನನಗೆ ಸಿಟ್ಟು ಬರಿಸೋದು ಬೇರೆ ವಿಷಯ. ಎಲ್ಲರೂ ಗ್ರಾಫಿಕ್ಸ್ ಕಾರ್ಡಿನ ಉದ್ದ ನೋಡುತ್ತಾರೆ, ಅಗಲ ನೋಡೋದಿಲ್ಲ.

ಎನ್ವಿಡಿಯಾ ಕಂಪನಿ ತನ್ನದೇ ಹೆಸರಲ್ಲಿ ಮಾರುವ ಕಾರ್ಡು, ಆರ್‌ಟಿಎಕ್ಸ್ 4090 ಫೌಂಡರ್ಸ್ ಎಡಿಷನ್, ಉದಾಹರಣೆಗೆ ತಗೊಳ್ಳಿ. ಉದ್ದ 304 ಎಂಎಂ, ಅಗಲ 137, ದಪ್ಪ 61. ಕೂಲರ್ ಮಾಸ್ಟರ್ ಎನ್‌ಆರ್200 ಕ್ಯಾಬಿನೆಟ್‌ನಲ್ಲಿ 330 ಉದ್ದದ ಕಾರ್ಡ್ ಹಿಡಿಯುತ್ತೆ. "ಆಯ್ತಲ್ಲ ಸಾರ್, 26 ಎಂಎಂ ಉಳೀತು" ಅಂತಾರೆ. ಆದರೆ ಪವರ್ ಕೇಬಲ್ ಚುಚ್ಚೋದು ಕಾರ್ಡಿನ ತುದಿಗಲ್ಲ, ಪಕ್ಕದ ಅಂಚಿಗೆ. ಅಂದ್ರೆ ಕೇಬಲ್ ಹೊರಗೆ ಬರೋದು ಕ್ಯಾಬಿನೆಟ್‌ನ ಪಕ್ಕದ ಬಾಗಿಲಿನ ಕಡೆಗೆ. ಪ್ಲಗ್‌ನಿಂದ 35 ಎಂಎಂ ನೇರ ಬಿಟ್ಟು ಆಮೇಲೆ ಬಗ್ಗಿಸಿ ಅಂತ ಕೇಬಲ್ ಮಾಡುವವರೇ ಹೇಳುತ್ತಾರೆ. 137ಕ್ಕೆ 35 ಕೂಡಿಸಿ, 172 ಆಯ್ತು. ಆ ಕ್ಯಾಬಿನೆಟ್‌ನಲ್ಲಿ ಅಗಲಕ್ಕೆ ಸಿಗೋದು 156. ಕಾರ್ಡು ಕೂರುತ್ತೆ, ಬಾಗಿಲು ಹಾಕೋಕಾಗಲ್ಲ.

ಒಬ್ಬ ಹುಡುಗ ಬಾಗಿಲಿಗೆ ಎರಡು ಸುತ್ತು ಟೇಪ್ ಹಾಕಿಕೊಂಡೇ ಪಿಸಿ ತಂದಿದ್ದ. ಗೇಮ್ ಮಧ್ಯೆ ಸ್ಕ್ರೀನ್ ಕಪ್ಪಾಗುತ್ತೆ ಅಂತ ದೂರು. ಬಿಚ್ಚಿ ನೋಡಿದರೆ ಪ್ಲಗ್ಗು ಒಂದು ಕಡೆ ಎದ್ದಿತ್ತು. ಉಗುರು ತೂರುವಷ್ಟು ಸಂದು, ಲಾಕ್ ಬಿದ್ದೇ ಇಲ್ಲ. ಬಾಗಿಲು ಕೇಬಲ್ಲನ್ನು ಒತ್ತಿ ಒತ್ತಿ ಪ್ಲಗ್ಗನ್ನು ಮೇಲೆತ್ತಿತ್ತು. "ಟೈಟಾಗಿ ಕೂತಿದೆ ಅಂದ್ಕೊಂಡೆ ಅಣ್ಣಾ" ಅಂದ. ಒಳ್ಳೆ ಹುಡುಗ, ಬೈಯೋಕೂ ಮನಸ್ಸು ಬರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. 4090 ಎಳೆಯೋದು 450 ವ್ಯಾಟ್. 2022ರ ಕೊನೆಯಲ್ಲಿ ಈ ಪ್ಲಗ್‌ಗಳು ಕರಗಿದ ಸುದ್ದಿ ಬಂದಾಗ, ಪೂರ್ತಿ ಒಳಗೆ ಕೂರದೇ ಇದ್ದದ್ದು ಮುಖ್ಯ ಕಾರಣ ಅಂತ ಎನ್ವಿಡಿಯಾ ಹೇಳಿತು. ಆಮೇಲೆ ಪ್ಲಗ್‌ನ ವಿನ್ಯಾಸವನ್ನೂ ತಿದ್ದಿದರು. ಹಾಗಂತ ಹೊಸ ಪ್ಲಗ್ಗಿಗೆ ನಾನು ನೂರಕ್ಕೆ ನೂರು ಗ್ಯಾರಂಟಿ ಕೊಡಲ್ಲ. ಕೇಬಲ್ ಬಗ್ಗಿಸೋ ಬದಲು "ಎಲ್ ಶೇಪ್ ಅಡಾಪ್ಟರ್ ಹಾಕಿಬಿಡಿ" ಅನ್ನೋರಿದ್ದಾರೆ. ಅಂಥ ಒಂದು ಅಡಾಪ್ಟರನ್ನು ಅದರ ಕಂಪನಿಯೇ 2024ರಲ್ಲಿ ವಾಪಸ್ ಕರೆಸಿಕೊಂಡಿದೆ. ನಾನಂತೂ ಹಾಕಲ್ಲ.

ಹಾಗಾದ್ರೆ ದೊಡ್ಡದೇ ತಗೊಳ್ಳೋಣ್ವಾ? ಅಲ್ಲೂ ಅಳತೆ ಟೇಪ್ ಹಿಡೀಲೇಬೇಕು. ಪೆಟ್ಟಿಗೆ ಮೇಲೆ 400 ಎಂಎಂ ಉದ್ದದ ಕಾರ್ಡ್ ಹಿಡಿಯುತ್ತೆ ಅಂತ ಇರುತ್ತೆ. ಮುಂದುಗಡೆ ಪ್ರೊಸೆಸರ್ ತಣ್ಣಗಿಡೋ ಲಿಕ್ವಿಡ್ ಕೂಲರಿನ ರೇಡಿಯೇಟರ್ ಹಾಕಿದರೆ ಅದಕ್ಕೆ 27, ಫ್ಯಾನಿಗೆ 25 ಹೋಯ್ತು. ಉಳಿದದ್ದು 348. ಏಸುಸ್ ಕಂಪನಿಯ ಸ್ಟ್ರಿಕ್ಸ್ 4090 ಕಾರ್ಡಿನ ಉದ್ದ 357. ಟವರ್ ದೊಡ್ಡದು, ಕಾರ್ಡ್ ಮಾತ್ರ ಹೊರಗೇ. ರೇಡಿಯೇಟರನ್ನು ಕ್ಯಾಬಿನೆಟ್‌ನ ಮೇಲ್ಭಾಗಕ್ಕೆ ಕಟ್ಟಿದರೆ ಸರಿಹೋಗುತ್ತೆ, ಆದರೆ ಇದನ್ನೆಲ್ಲ ಕ್ಯಾಬಿನೆಟ್ ಕೊಳ್ಳುವ ಮುಂಚೆಯೇ ಯೋಚಿಸಬೇಕು.

ಚಿಕ್ಕದೇ ಬೇಕು ಅಂದರೆ ಈಗ ದಾರಿ ಇದೆ. 2025ರಲ್ಲಿ ಬಂದ 5090 ಫೌಂಡರ್ಸ್ ಕಾರ್ಡ್ ಬರೀ 40 ಎಂಎಂ ದಪ್ಪ. ಅಗಲ ಅದೇ 137, ಆದರೆ ಪ್ಲಗ್ಗನ್ನು ಓರೆಯಾಗಿ ಕೂರಿಸಿರೋದರಿಂದ ಕೇಬಲ್‌ಗೆ ಸ್ವಲ್ಪ ಉಸಿರು. 575 ವ್ಯಾಟ್ ಅನ್ನೋದು ಮರೀಬೇಡಿ. ಆ ಶಾಖ ಯಾವ ಡಬ್ಬಿಯಲ್ಲಿಟ್ಟರೂ ಕೊನೆಗೆ ನಿಮ್ಮ ರೂಮಿಗೇ ಬರೋದು. ಮೇ ತಿಂಗಳಲ್ಲಿ ಬಳ್ಳಾರಿ, ಕಲಬುರಗಿ ಕಡೆಯವರಿಗೆ ಕ್ಯಾಬಿನೆಟ್‌ಗಿಂತ ಮೊದಲು ಎಸಿ ವಿಚಾರಿಸಿ ಅಂತೀನಿ.

ಮನೆಯಲ್ಲೇ ಒಂದು ಮೂಲೆಯಲ್ಲಿ ಇಡೋರಿಗೆ ನಾನು ದೊಡ್ಡದನ್ನೇ ಹೇಳ್ತೀನಿ, ಧೂಳು ಹೊಡೆಯೋಕೂ ಸುಲಭ. ಹಾಸ್ಟೆಲ್ಲು, ಪಿಜಿ ಅಂತ ಓಡಾಡೋ ಮಕ್ಕಳಿಗೆ ಚಿಕ್ಕದು ಸರಿ. ಊರಿಗೆ ಬಸ್ಸಲ್ಲಿ ಒಯ್ಯುವಾಗ ಮಾತ್ರ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ, ಅದರದೇ ಡಬ್ಬಿಗೆ ಹಾಕಿ, ತೊಡೆ ಮೇಲೆ ಇಟ್ಟುಕೊಳ್ಳಿ.