ಡೋರಿಯನ್‌ನಲ್ಲಿ ‘ಸ’ ಎಲ್ಲಿದೆ?

“ಮೇಡಂ, ಡೋರಿಯನ್ ಅಂದ್ರೆ ಡಿ ಇಂದ ಡಿ ತನಕ ಬಿಳಿ ಕೀಗಳು. ಅಷ್ಟೇ ತಾನೇ?”

ಕೀಬೋರ್ಡ್ ಕಲಿಯಲು ಬರುವ ಕಾಲೇಜು ಹುಡುಗರು ಆಗಾಗ ಹೀಗೆ ಕೇಳುತ್ತಾರೆ. ಡೋರಿಯನ್ ಅಂದರೆ ಪಾಶ್ಚಾತ್ಯ ಸಂಗೀತದ ಒಂದು ಮೋಡ್, ಅಂದರೆ ಒಂದು ಬಗೆಯ ಸ್ವರಸಾಲು. ಯಾವುದೋ ವಿಡಿಯೋ ನೋಡಿಕೊಂಡು ಬಂದಿರುತ್ತಾರೆ. ನುಡಿಸಿ ತೋರಿಸು ಅನ್ನುತ್ತೇನೆ. ಆರೋಹಣ, ಅವರೋಹಣ ಎರಡೂ ಸರಿಯಾಗಿಯೇ ಬರುತ್ತವೆ. ಈಗ ಸ್ವಂತದ್ದೇನಾದರೂ ನುಡಿಸು ಅಂದರೆ ಮಾತ್ರ ನಾಲ್ಕೇ ಸಾಲಿಗೆ ಬೆರಳು ಹೋಗಿ ಸಿ ಮೇಲೆ ಕೂರುತ್ತದೆ. ಡೋರಿಯನ್ ಅಲ್ಲಿಗೆ ಮುಗಿಯಿತು. ಸಿಯನ್ನು ‘ಸ’ ಮಾಡಿಕೊಂಡರೆ ಬಿಳಿ ಕೀಗಳು ಶಂಕರಾಭರಣ ರಾಗದ ಸ್ವರಗಳು; ಇದು ಅದನ್ನೇ ‘ರಿ’ಯಿಂದ ಶುರು ಮಾಡಿದ ಹಾಗೆ, ಅಷ್ಟೇ.

ಎಲ್ಲಿಂದ ಹೊರಟಿರಿ ಅನ್ನುವುದರಿಂದ ಮೋಡ್ ಹುಟ್ಟುವುದಿಲ್ಲ. ಕಿವಿ ಯಾವ ಸ್ವರವನ್ನು ‘ಸ’ ಎಂದು ಒಪ್ಪಿಕೊಂಡಿದೆ ಅನ್ನುವುದೇ ಮುಖ್ಯ. ಅದಕ್ಕೆ ನಾನು ಮೊದಲು ತಂಬೂರಿ ಆ್ಯಪನ್ನು ಡಿಗೆ ಇಡುತ್ತೇನೆ. ಹಾರ್ಮೋನಿಯಂನವರ ಮಾತಿನಲ್ಲಿ ಬಿಳಿ ಎರಡು. ಈಗ ಅವೇ ಬಿಳಿ ಕೀಗಳನ್ನು ನಿಧಾನವಾಗಿ ಒತ್ತಿ. ‘ಗ’ ಸ್ವಲ್ಪ ತಗ್ಗಿದ ಹಾಗೆ ಕೇಳುತ್ತದೆ, ‘ನಿ’ ಕೂಡ. ಸಾಧಾರಣ ಗಾಂಧಾರ, ಕೈಶಿಕಿ ನಿಷಾದ, ಚತುಶ್ರುತಿ ರಿ ಮತ್ತು ಧ: ಖರಹರಪ್ರಿಯ ರಾಗದ ಸ್ವರಗಳು, ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟಿಯಲ್ಲಿ 22ನೇ ಮೇಳ. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರು ಕಾಫಿ ಥಾಟ್ ಅಂತಾರೆ. ನಮ್ಮಲ್ಲಿ ಗ್ರಹಭೇದ, ಅಂದರೆ ಸ್ವರಗಳನ್ನು ಹಾಗೇ ಇಟ್ಟು ‘ಸ’ ಮಾತ್ರ ಬದಲಿಸುವುದು, ಮಾಡಿದವರಿಗೆ ಇದು ಹೊಸದೇನಲ್ಲ.

ಇಲ್ಲಿ ಗಮನ ಇಡಬೇಕಾದ ಸ್ವರ ಒಂದೇ, ‘ಧ’. ಅಂದರೆ ಬಿ. ಅದರ ಬದಲು ಪಕ್ಕದ ಕರಿ ಕೀ, ಬಿ ಫ್ಲಾಟ್ ಒತ್ತಿ ನೋಡಿ. ನಠಭೈರವಿ ಆಯಿತು, ಪಾಶ್ಚಾತ್ಯರ ಮಾಮೂಲಿ ಮೈನರ್. ಮತ್ತೆ ಬಿಗೆ ಬನ್ನಿ. ಮಬ್ಬು ಕೋಣೆಯ ಕಿಟಕಿ ತೆರೆದ ಹಾಗೆ ಅನಿಸುತ್ತದೆ ಅಲ್ವಾ? ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ನುಡಿಸುವವರಿಗೆ ಇದು ಬೇಗ ಸಿಗುತ್ತದೆ: ಡಿ ಮೈನರ್ ಆದ ಮೇಲೆ ಜಿ ಮೇಜರ್. ಬಿ ಫ್ಲಾಟ್ ಇದ್ದಿದ್ದರೆ ಅಲ್ಲಿ ಜಿ ಮೈನರ್ ಬರುತ್ತಿತ್ತು. ಆದರೆ ಜಿ ಸೆವೆಂತ್ ಕಾರ್ಡನ್ನು ಜಾಸ್ತಿ ಹೊತ್ತು ಹಿಡಿಯಬೇಡಿ. ಅದರಲ್ಲಿರುವ ಬಿ ಮತ್ತು ಎಫ್ ಸೇರಿ ಕಿವಿಯನ್ನು ಸಿ ಕಡೆಗೇ ಎಳೆಯುತ್ತವೆ.

ಕೇಳಿ ಕಲಿಯಲು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ ‘ಸೋ ವಾಟ್’ ಸಾಕು. 32 ಬಾರ್‌ಗಳ, ಅಂದರೆ ತಾಳದ ಆವರ್ತಗಳ, ಒಂದು ಸುತ್ತು. ಮೊದಲ 16 ಡಿ ಡೋರಿಯನ್, ಮುಂದಿನ 8 ಅರ್ಧ ಸ್ವರ ಮೇಲೆ ಇ ಫ್ಲಾಟ್‌ನಲ್ಲಿ, ಕೊನೆಯ 8 ಮತ್ತೆ ಡಿ. ಅಷ್ಟು ಹೊತ್ತು ಒಂದೇ ‘ಸ’ ಹಿಡಿದು ಕೂರುವುದು ನಮಗೆ ಅಭ್ಯಾಸವೇ ಆಗಿರುವುದರಿಂದಲೋ ಏನೋ, ನನ್ನ ಕರ್ನಾಟಕ ಸಂಗೀತದ ವಿದ್ಯಾರ್ಥಿಗಳಿಗೆ ಈ ಜಾಝ್ ಬೇಗ ಹಿಡಿಸುತ್ತದೆ.

ಹಾಗಂತ ಡೋರಿಯನ್ ಅಂದರೆ ಖರಹರಪ್ರಿಯ ಎಂದು ಬರೆದುಕೊಳ್ಳಬೇಡಿ. ಸ್ವರಗಳ ಪಟ್ಟಿ ಒಂದೇ, ನಿಜ. ಆದರೆ ಆ ರಾಗದ ‘ಗ’ ಗಮಕದಲ್ಲಿ, ಅಂದರೆ ಸ್ವರದ ಓಲಾಟದಲ್ಲಿ, ತೂಗಬೇಕು. ಕೀಬೋರ್ಡಿನ ಎಫ್ ಒತ್ತಿದರೆ ಗೂಟ ಹೊಡೆದ ಹಾಗೆ ನಿಂತುಬಿಡುತ್ತದೆ.

ಉಳಿದ ಬಿಳಿ ಕೀಗಳ ಕಥೆಯೂ ಹೀಗೆಯೇ. ಇ ಇಂದ ತೋಡಿ, ಎಫ್ ಇಂದ ಕಲ್ಯಾಣಿ, ಜಿ ಇಂದ ಹರಿಕಾಂಭೋಜಿ, ಎ ಇಂದ ನಠಭೈರವಿ. ಬಿ ಇಂದ ಹೊರಟರೆ ಮಾತ್ರ ‘ಪ’ ಸಿಗುವುದಿಲ್ಲ, ಹಾಗಾಗಿ 72 ಮೇಳಗಳಲ್ಲಿ ಅದಕ್ಕೆ ಜಾಗವಿಲ್ಲ. ಡೋರಿಯನ್‌ನಂಥ ಮೋಡ್‌ಗಳ ಈ ಗ್ರೀಕ್ ಹೆಸರುಗಳಿಗೆ ಅರ್ಥ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯಯುಗದ ಯುರೋಪಿನ ಪಂಡಿತರು ಅವನ್ನು ಅದಲು ಬದಲು ಅಂಟಿಸಿದರು, ಹಾಗೇ ಉಳಿದುಹೋಯಿತು.

ಮೊನ್ನೆ ಒಬ್ಬ ಹುಡುಗ ಡಿ ತಂಬೂರಿಗೆ ಚೆನ್ನಾಗಿ ನುಡಿಸುತ್ತಿದ್ದ. ನಾನು ಹೇಳದೆ ಕೇಳದೆ ಶ್ರುತಿಯನ್ನು ಜಿಗೆ ಬದಲಿಸಿದೆ. ಬಿಳಿ ಕೀ ಬಿಟ್ಟು ಬೇರೆ ಏನನ್ನೂ ಅವನು ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತು ನುಡಿಸಿ, ನಿಲ್ಲಿಸಿ, ಗಾಬರಿಯಿಂದ ನನ್ನ ಕಡೆ ನೋಡಿದ.

“ಮೇಡಂ, ಕೀಬೋರ್ಡಿಗೆ ಏನೋ ಆಯ್ತು.”