ಗೆರೆ ಎಳೆದವರು ಯಾರು? ಅಲ್ಪಸಂಖ್ಯಾತ ಗುರುತಿನ ಪಾಠಕ್ಕೊಂದು ಟಿಪ್ಪಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು 'ಅಲ್ಪಸಂಖ್ಯಾತ' ಎಂಬ ಪದದಲ್ಲೇ. ಮಂಗಳೂರಿನಲ್ಲಿ ಕೂತು ಓದುವವರಿಗೆ ಅದು ಸಲೀಸಾಗಿ ತಲೆಗೆ ಹೋಗುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಅತಿ ಹೆಚ್ಚು ಜನರ ಮನೆಮಾತು ತುಳು. ರಾಜ್ಯದ ಲೆಕ್ಕಕ್ಕೆ ಬಂದರೆ ಅದೇ ತುಳುವರು ಭಾಷಾ ಅಲ್ಪಸಂಖ್ಯಾತರು. ಮನೆಯಲ್ಲಿ ಕನ್ನಡ ಮಾತಾಡುವ ನಾನು ಮೀನು ಮಾರ್ಕೆಟ್ಟಿಗೆ ಹೋದರೆ 'ಬಂಗುಡೆ ಏತ್?' ಅಂತ ತುಳುವಿನಲ್ಲೇ ಕೇಳುತ್ತೇನೆ. ಇಲ್ಲದಿದ್ದರೆ ರೇಟು ಜಾಸ್ತಿ!

ಹಾಗಾದರೆ ತಲೆ ಎಣಿಸುವುದು ಎಲ್ಲಿ ನಿಂತು? ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಿಕ್ಷಣ ಸಂಸ್ಥೆ ಕಟ್ಟುವ ಹಕ್ಕು ಕೊಡುತ್ತದೆ. ಆ ಹಕ್ಕಿಗೆ ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ನೋಡಬೇಕು, ಭಾಷೆಗೂ ಧರ್ಮಕ್ಕೂ ಇದೇ ಲೆಕ್ಕ ಅಂತ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಪ್ರಕರಣದ ಹೆಸರು ನೆನಪಿಡುವುದು ನಮಗೆ ಸುಲಭ: ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ. ಇಷ್ಟು ಬರೆದುಕೊಂಡರೆ ಕಾನೂನಿನ ಭಾಗ ಮುಗಿಯಿತು. ಕಷ್ಟದ ಭಾಗ ಮುಂದಿದೆ.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಒಂದು ಹೊಸ ದಾರಿ ತೋರಿಸಿದರು. ಒಂದು ಜನಾಂಗದ ಊಟ, ಉಡುಪು, ಹಬ್ಬಗಳ ಪಟ್ಟಿ ಮಾಡಿ ಕೂತರೆ ಸಾಲದು. 'ನಾವು' ಮತ್ತು 'ಅವರು' ನಡುವಿನ ಗೆರೆ ಹೇಗೆ ಉಳಿಯುತ್ತದೆ ಅಂತ ನೋಡಬೇಕು. ಒಳಗಿನ ಸಾಮಾನೆಲ್ಲ ಬದಲಾದರೂ ಗೆರೆ ಉಳಿಯಬಹುದು.

ಪುಸ್ತಕದಲ್ಲಿ ಓದಿದಾಗ ನನಗಿದು ಅರ್ಥವಾಗಿರಲಿಲ್ಲ. ಅರ್ಥವಾದದ್ದು ಪಕ್ಕದ ಮನೆಯಲ್ಲಿ. ಅವರು ಕೊಂಕಣಿ ಕ್ಯಾಥೊಲಿಕರು. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ, ಮೊಂತಿ ಫೆಸ್ತ್. ಅಂದು ಚರ್ಚಿನಲ್ಲಿ ಆಶೀರ್ವಾದ ಮಾಡಿದ ಭತ್ತದ ತೆನೆ ಮನೆಗೆ ಬರುತ್ತದೆ. ಆಂಟಿ ಕಾಳು ಸುಲಿದು, ಕುಟ್ಟಿ, ಪಾಯಸಕ್ಕೆ ಸೇರಿಸಿ ಎಲ್ಲರಿಗೂ ಕೊಡುತ್ತಾರೆ. ಮಧ್ಯಾಹ್ನ ಬರೀ ತರಕಾರಿ ಊಟ. ತುಳು ಹಿಂದೂ ಮನೆಗಳಲ್ಲೂ ತೆನೆ ತಂದು ಕಟ್ಟುವುದುಂಟು, ಹೊಸ ಅಕ್ಕಿ ಊಟ ಉಂಟು. ತೆನೆ ಒಂದೇ ಗದ್ದೆಯದ್ದಾದರೂ ಆಶ್ಚರ್ಯವಿಲ್ಲ. ಆದರೂ ಇದು ಅವರ ಹಬ್ಬ, ಅದು ಇವರ ಹಬ್ಬ ಅಂತ ಯಾರಿಗೂ ಗೊಂದಲ ಆಗುವುದಿಲ್ಲ. ಗೆರೆ ಅಂದರೆ ಇದೇ, ಅಲ್ವಾ?

ಆಂಟಿಯ ಗದ್ದೆ ಇದ್ದ ಜಾಗದಲ್ಲಿ ಈಗ ಫ್ಲ್ಯಾಟು ಎದ್ದಿದೆ. ಮಗ ಅಬುಧಾಬಿಯಲ್ಲಿದ್ದಾನೆ. ಪ್ರತಿ ವರ್ಷ ಏಳೆಂಟು ಕಾಳು ಕಾಗದದಲ್ಲಿ ಮಡಚಿ, ಆ ಕಡೆ ಹೋಗುವ ಯಾರದಾದರೂ ಕೈಯಲ್ಲಿ ಕಳಿಸುತ್ತಾರೆ. ಗದ್ದೆ ಹೋಯಿತು, ಮಗ ಹೋದ, ಕಾಳು ಮಾತ್ರ ಸಮುದ್ರ ದಾಟಿ ಅವನನ್ನು ಹುಡುಕಿಕೊಂಡು ಹೋಗುತ್ತದೆ. ಜಾಗತೀಕರಣದಿಂದ ಸಂಸ್ಕೃತಿ ಅಳಿಯುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆಯುವ ಮೊದಲು ಈ ಕಾಗದದ ಪೊಟ್ಟಣ ನೆನಪಿಸಿಕೊಳ್ಳಿ.

ಭಾಷೆಯ ಕತೆ ಇಷ್ಟು ಸುಲಭವಿಲ್ಲ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿತು. ತುಳು ಇನ್ನೂ ಹೊರಗಿದೆ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದವರು 18 ಲಕ್ಷಕ್ಕೂ ಹೆಚ್ಚು. ಮಾನ್ಯತೆ ಸಿಕ್ಕಿದ ಕೊಂಕಣಿಗೆ ಬೇರೆಯೇ ತಲೆನೋವು: ಗೋವಾದ ಅಧಿಕೃತ ಲಿಪಿ ದೇವನಾಗರಿ, ಅಲ್ಲೇ ರೋಮನ್ ಲಿಪಿಯಲ್ಲಿ ಬರೆಯುವವರೂ ಬಹಳ, ನಮ್ಮ ಮಂಗಳೂರಿನಲ್ಲಿ ಕನ್ನಡ ಲಿಪಿ. ಆಂಟಿಯ ಪ್ರಾರ್ಥನೆ ಪುಸ್ತಕ ಕನ್ನಡ ಲಿಪಿಯದ್ದು, ಮೊಮ್ಮಗಳಿಗೆ ಓದಲು ಬರುವುದಿಲ್ಲ. ಹಾಗಾಗಿ ಅಜ್ಜಿ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೊಂಕಣಿ ಟೈಪ್ ಮಾಡುತ್ತಾರೆ. 'ಈಗ ನಾನೂ ಗೋವಾದವಳೇ ಮಾರಾಯ್ತಿ' ಅಂತ ನಗುತ್ತಾರೆ.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಕೊಟ್ಟ ನಾಲ್ಕು ಮನೆಯ ಕೋಷ್ಟಕ ಪರೀಕ್ಷೆಗೆ ಬಂದೇ ಬರುತ್ತದೆ. ಸುಮ್ನೆ ಬಾಯಿಪಾಠ ಮಾಡಬೇಡಿ. ಎರಡೇ ಪ್ರಶ್ನೆ ಕೇಳಿಕೊಳ್ಳಿ: ಹೊಸ ಊರಿಗೆ ಹೋದವರು ತಮ್ಮದನ್ನು ಉಳಿಸಿಕೊಂಡರೇ? ಊರಿನವರೊಂದಿಗೆ ಬೆರೆತರೇ? ಎರಡಕ್ಕೂ ಹೌದು ಅಂದರೆ ಏಕೀಕರಣ. ಬೆರೆತು ತಮ್ಮದನ್ನು ಬಿಟ್ಟರೆ ವಿಲೀನ. ಉಳಿಸಿಕೊಂಡು ಬೆರೆಯದಿದ್ದರೆ ಪ್ರತ್ಯೇಕತೆ. ಎರಡೂ ಇಲ್ಲದಿದ್ದರೆ ಅಂಚಿಗೆ ಸರಿದಂತೆ. ಕೋಷ್ಟಕ ಚೆನ್ನಾಗಿದೆ. ಆದರೆ ಆಯ್ಕೆ ಆ ಜನರ ಕೈಯಲ್ಲೇ ಇದೆ ಎಂಬ ಭಾವನೆ ಅದರಿಂದ ಬಂದುಬಿಡುತ್ತದೆ. ಊರಿನವರು ಬಾಗಿಲು ತೆರೆಯದಿದ್ದರೆ ಬೆರೆಯುವುದು ಎಲ್ಲಿಂದ? ಬೆರ್ರಿಯವರೇ ಈ ಮಾತನ್ನು ಒಪ್ಪಿದ್ದಾರೆ, ನಮ್ಮ ಉತ್ತರಗಳಲ್ಲಿ ಮಾತ್ರ ಅದು ಬಿಟ್ಟುಹೋಗುತ್ತದೆ.

ಇದಕ್ಕೆ ಉದಾಹರಣೆ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ. ಕೊರಗರು ಇಲ್ಲಿಯವರೇ, ಜೇನು ಕುರುಬರ ಜೊತೆ ಕರ್ನಾಟಕದ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವವರು. ಅವರ ಸುತ್ತ ಗೆರೆ ಎಳೆದವರು ಬೇರೆಯವರು. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳದ ಮೊದಲು ಕೋಣಗಳ ಹಾಗೆ ಓಡಿಸುವುದು, ಇದಕ್ಕೆಲ್ಲ 'ಅಜಲು' ಎಂದು ಹೆಸರು. ಅದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಎಷ್ಟು ತಡ ನೋಡಿ. ಅವರ ಬುಟ್ಟಿ ಹೆಣೆಯುವ ಕಸುಬಿಗೆ ಪ್ಲಾಸ್ಟಿಕ್ ಬುಟ್ಟಿ ಪೆಟ್ಟು ಕೊಟ್ಟಿತು, ಜಾಗತೀಕರಣದ ಇನ್ನೊಂದು ಮುಖ ಅದು. ಅವರು ಬಾರಿಸುತ್ತ ಬಂದ ಡೋಲಿನ ವಿಷಯ ಇನ್ನೂ ಸೂಕ್ಷ್ಮ. ಅವಮಾನದ ಗುರುತು ಎಂದು ಅದನ್ನು ಬಿಟ್ಟ ಕೊರಗರಿದ್ದಾರೆ, ನಮ್ಮ ಕಲೆ ಎಂದು ವೇದಿಕೆಯಲ್ಲಿ ಬಾರಿಸುವವರೂ ಇದ್ದಾರೆ. ಯಾವುದು ಸರಿ ಅಂತ ತೀರ್ಪು ಕೊಡಲು ನಾವು ಯಾರು?

ನಮ್ಮ ಸೆಮಿನಾರಿನಲ್ಲಿ ಒಬ್ಬರು 'ಕರಾವಳಿಯ ಸಂಸ್ಕೃತಿ' ಎಂಬ ತಲೆಬರಹದ ಕೆಳಗೆ ಡೋಲಿನ ಫೋಟೋ ಹಾಕಿದ್ದರು. ಪಕ್ಕದಲ್ಲೇ ಯಕ್ಷಗಾನ, ನೀರುದೋಸೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: 'ಡೋಲು ಬಾರಿಸಿದವರಿಗೆ ಊಟ ಎಲ್ಲಿ ಬಡಿಸುತ್ತಿದ್ದರು?' ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಮುಂದಿನ ಸ್ಲೈಡಿಗೆ ಹೋದರು.