ಜೀನ್‌ನಲ್ಲೇ ಇದೆ ಅಂತ ಕೈಬಿಡಬೇಡಿ

ಹಾಸನದ ಕಡೆ ಹೆಣ್ಣು-ಗಂಡಿನ ಮಾತುಕತೆ ಶುರುವಾದರೆ ಜಾತಕ, ಜಮೀನು ಎಲ್ಲ ಆದಮೇಲೆ ಇನ್ನೊಂದು ವಿಚಾರಣೆ ಮೆಲ್ಲಗೆ ನಡೆಯುತ್ತದೆ. "ಅವರ ಮನೆತನದಲ್ಲಿ ತಲೆ ಸರಿ ಇಲ್ಲದವರು ಯಾರಾದ್ರೂ ಇದಾರಾ?" ಯಾರೋ ಒಬ್ಬ ಚಿಕ್ಕಪ್ಪ ಹಾಗಿದ್ದರು ಅಂತ ಗೊತ್ತಾದರೆ ಸಂಬಂಧ ಅಲ್ಲಿಗೇ ಮುಗಿಯಿತು. ಅದೇ ಜನ ತಮ್ಮ ಮನೆಯ ಮಗು ಮೂರು ವರ್ಷವಾದರೂ ಮಾತಾಡದಿದ್ದರೆ ಬೇರೆ ಕಾರಣ ಹುಡುಕುತ್ತಾರೆ. ಬಸುರಿ ಇದ್ದಾಗ ಗ್ರಹಣ ನೋಡಿದಳು. ದೃಷ್ಟಿ ಬಿದ್ದಿದೆ. ತಾಯಿ ಮೊಬೈಲ್ ಕೊಟ್ಟು ಕೆಡಿಸಿದಳು. ಪಕ್ಕದ ಮನೆಯದಾದರೆ ರಕ್ತದ ದೋಷ, ನಮ್ಮ ಮನೆಯದಾದರೆ ಹೊರಗಿನ ಕಾಟ. ಎರಡೂ ತಪ್ಪು.

ನನಗೆ ಇನ್ನೂ ಜಾಸ್ತಿ ಸಿಟ್ಟು ಬರುವುದು ಓದಿದವರು ಹೇಳುವ ಮಾತಿಗೆ. "ಅದು ಜೀನ್‌ನಲ್ಲೇ ಇದೆ, ಏನೂ ಮಾಡೋಕಾಗಲ್ಲ." ಇದು ಎಷ್ಟು ಸುಳ್ಳು ಅಂತ ತಿಳಿಯೋಕೆ ಒಂದೇ ಒಂದು ಕಾಯಿಲೆಯ ಕಥೆ ಸಾಕು. ಅದರ ಹೆಸರು ಫೀನೈಲ್‌ಕೀಟೋನ್ಯೂರಿಯಾ. ಚಿಕ್ಕದಾಗಿ ಪಿಕೆಯು ಅನ್ನೋಣ.

1934ರಲ್ಲಿ ನಾರ್ವೆ ದೇಶದ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿ ತಂದಳು. ಇಬ್ಬರೂ ಹುಟ್ಟಿದಾಗ ಚೆನ್ನಾಗಿದ್ದವರು, ಆಮೇಲೆ ಬುದ್ಧಿ ಬೆಳೆಯಲೇ ಇಲ್ಲ. ಮಕ್ಕಳ ಮೈಯಲ್ಲಿ, ಮೂತ್ರದಲ್ಲಿ ಒಂದು ವಿಚಿತ್ರ ವಾಸನೆ ಇದೆ ಅಂತ ಆಕೆ ಹಿಂದೆ ಕಂಡ ವೈದ್ಯರಿಗೆಲ್ಲ ಹೇಳಿದ್ದಳು, ಯಾರೂ ಕಿವಿಗೊಟ್ಟಿರಲಿಲ್ಲ. ಫೋಲಿಂಗ್ ರಸಾಯನಶಾಸ್ತ್ರವನ್ನೂ ಓದಿದ್ದವರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು. ಕಡು ಹಸಿರು ಬಣ್ಣ ಬಂತು, ಸ್ವಲ್ಪ ಹೊತ್ತಿಗೆ ಮಾಯವಾಯಿತು. ಅವರಿಗೆ ಗೊತ್ತಿದ್ದ ಯಾವ ವಸ್ತುವೂ ಹಾಗೆ ಹಸಿರಾಗುತ್ತಿರಲಿಲ್ಲ. ಹಟ ಹಿಡಿದು ಆ ವಸ್ತುವನ್ನು ಬೇರ್ಪಡಿಸಿ ನೋಡಿದರೆ ಅದು ಫೀನೈಲ್‌ಪೈರುವಿಕ್ ಆಮ್ಲ. ಬುದ್ಧಿ ಬೆಳೆಯದವರನ್ನು ಇರಿಸಿದ್ದ ಸಂಸ್ಥೆಗಳಿಂದ ಮೂತ್ರ ತರಿಸಿ ನೋಡಿದಾಗ ಇನ್ನೂ ಕೆಲವರಲ್ಲಿ ಅದೇ ಹಸಿರು ಕಂಡಿತು. ಒಬ್ಬ ತಾಯಿಯ ಮೂಗನ್ನು ನಂಬಿದ್ದಕ್ಕೆ ಸಿಕ್ಕ ಉತ್ತರ ಇದು.

ಒಳಗೆ ನಡೆಯುವುದು ಹೀಗೆ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲದರ ಪ್ರೊಟೀನ್‌ನಲ್ಲೂ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೊಟೀನ್ ಕಟ್ಟುವ ತುಣುಕು, ಇರುತ್ತದೆ. ಪಿತ್ತಜನಕಾಂಗದಲ್ಲಿ ಒಂದು ಕಿಣ್ವ ಇದನ್ನು ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಬದಲಾಯಿಸುತ್ತದೆ. ಆ ಕಿಣ್ವ ಮಾಡುವ ಜೀನ್ ಇರುವುದು 12ನೇ ಕ್ರೋಮೋಸೋಮ್‌ನಲ್ಲಿ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಒಂದು ಕೆಟ್ಟಿದ್ದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ಎರಡೂ ಕೆಟ್ಟರೆ ಫೀನೈಲ್‌ಅಲನೀನ್ ಬದಲಾಗದೆ ರಕ್ತದಲ್ಲಿ ತುಂಬುತ್ತಾ ಹೋಗುತ್ತದೆ, ಒಂದಿಷ್ಟು ಫೋಲಿಂಗ್ ಕಂಡ ಆ ಆಮ್ಲವಾಗಿ ಮೂತ್ರಕ್ಕೆ ಬರುತ್ತದೆ. ರಕ್ತದಿಂದ ಮಿದುಳಿನೊಳಗೆ ಅಮೈನೋ ಆಮ್ಲಗಳನ್ನು ದಾಟಿಸಲು ಒಂದು ವಾಹಕ ಇದೆ, ಹಲವಾರು ಅಮೈನೋ ಆಮ್ಲಗಳು ಅದೊಂದನ್ನೇ ನಂಬಿಕೊಂಡಿವೆ. ಫೀನೈಲ್‌ಅಲನೀನ್ ವಿಪರೀತ ಆದಾಗ ಅದೇ ವಾಹಕವನ್ನೆಲ್ಲ ಹಿಡಿದುಕೊಳ್ಳುತ್ತದೆ, ಮಿಕ್ಕವಕ್ಕೆ ಒಳಗೆ ಹೋಗಲು ಆಗುವುದಿಲ್ಲ. ನರತಂತುಗಳ ಸುತ್ತ ಕಟ್ಟಬೇಕಾದ ಬಿಳಿ ಪೊರೆಯೂ ಸರಿಯಾಗಿ ಕಟ್ಟುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯ ದೇಹ ಈ ಕೆಲಸ ನೋಡಿಕೊಳ್ಳುವುದರಿಂದ ಮಗು ಆರೋಗ್ಯವಾಗಿಯೇ ಹುಟ್ಟುತ್ತದೆ. ಹಾಲು ಕುಡಿಯಲು ಶುರು ಮಾಡಿದ ಮೇಲೆ ತೊಂದರೆ.

1950ರ ದಶಕದ ಆರಂಭದಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಹುಡುಗಿಗೆ ಫೀನೈಲ್‌ಅಲನೀನ್ ತೀರಾ ಕಡಿಮೆ ಇರುವ ಆಹಾರ ಕೊಟ್ಟು ನೋಡಿದರು. ಮಗುವಿನ ಸ್ಥಿತಿ ಸುಧಾರಿಸಿತು. 1960ರ ದಶಕದಲ್ಲಿ ರಾಬರ್ಟ್ ಗತ್ರಿ ಕೂಸಿನ ಹಿಮ್ಮಡಿ ಚುಚ್ಚಿ, ಒಂದೆರಡು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ದಾರಿ ಕಂಡುಹಿಡಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಗೊತ್ತಾಗಿ ಪಥ್ಯ ಶುರು ಮಾಡಿದ ಮಕ್ಕಳು ಎಲ್ಲರಂತೆ ಬೆಳೆದರು, ಶಾಲೆಗೆ ಹೋದರು, ಕೆಲಸಕ್ಕೆ ಸೇರಿದರು. ಜೀನ್‌ನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾಗಿದ್ದು ಊಟ.

ಈಗ ಹೇಳಿ, ಇದು ಜೀನ್ ಕಾಯಿಲೆಯೋ, ಪರಿಸರದ ಕಾಯಿಲೆಯೋ? ಜೀನ್ ಸರಿ ಇದ್ದವರಿಗೆ ಹಾಲು-ಬೇಳೆ ಏನೂ ಮಾಡುವುದಿಲ್ಲ. ಜೀನ್ ಕೆಟ್ಟಿದ್ದರೂ ಆಹಾರ ಬದಲಾಯಿಸಿದರೆ ಮಿದುಳು ಉಳಿಯುತ್ತದೆ. ಎರಡೂ ಕೂಡಿದಾಗ ಮಾತ್ರ ಹಾನಿ. ಹಾಗಿದ್ದ ಮೇಲೆ ಇಷ್ಟು ಪಾಲು ಇದರದು, ಅಷ್ಟು ಪಾಲು ಅದರದು ಅಂತ ಹಂಚುವುದು ಹೇಗೆ? ನಾವು ಎಲ್ಲಿ ಕೈ ಹಾಕಿದರೆ ಮಗುವಿಗೆ ಉಪಯೋಗ ಆಗುತ್ತದೆ ಅಂತ ಕೇಳುವುದೇ ಸರಿಯಾದ ಪ್ರಶ್ನೆ.

ಎರಡೂ ಪ್ರತಿ ಕೆಡಬೇಕು ಅಂದೆನಲ್ಲ, ಅದು ನಮ್ಮ ಕಡೆಯ ಮದುವೆಗಳಿಗೆ ಸೀದಾ ತಗಲುವ ಮಾತು. ಒಂದೊಂದು ಕೆಟ್ಟ ಪ್ರತಿ ಇರುವ ಗಂಡ-ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿರುತ್ತಾರೆ. ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರ ಜೊತೆ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿರುವುದು ಅಪರೂಪ. ಅಕ್ಕನ ಮಗಳನ್ನೇ ತಂದುಕೊಂಡರೆ ಲೆಕ್ಕ ಬೇರೆ. ಸೋದರಮಾವ ಮತ್ತು ಸೊಸೆಗೆ ಕಾಲು ಭಾಗ ಜೀನ್‌ಗಳು ಸಮಾನ, ಅವರ ಮಗುವಿನಲ್ಲಿ ಸರಾಸರಿ ಎಂಟರಲ್ಲಿ ಒಂದು ಭಾಗ ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬರುತ್ತದೆ. ಅತ್ತೆ ಮಗಳು, ಮಾವನ ಮಗ ಆದರೆ ಹದಿನಾರರಲ್ಲಿ ಒಂದು. ಹಾಗೆ ಮದುವೆಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಇದ್ದಾರೆ, ಹೆದರಿಸಲು ಹೇಳುತ್ತಿಲ್ಲ. ಆದರೆ ಊರಾಚೆಯವರ ಚಿಕ್ಕಪ್ಪನ ಬಗ್ಗೆ ಅಷ್ಟು ವಿಚಾರಿಸುವವರು, ಆಸ್ತಿ ಹೊರಗೆ ಹೋಗಬಾರದು ಅಂತ ಒಳಗೊಳಗೇ ಮದುವೆ ಮಾಡುವಾಗ ಈ ಲೆಕ್ಕವನ್ನೂ ಕೇಳಬೇಕು ಅಲ್ವಾ.

ಇನ್ನು ತಾಯಿಯನ್ನು ದೂರುವ ಚಟ. ಇದು ನಮ್ಮದಷ್ಟೇ ಅಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆಯ ಬಗ್ಗೆ, ಬರೆದರು. ಆಮೇಲೆ ಸುಮಾರು ಎರಡು ದಶಕ, ತಾಯಿಗೆ ಪ್ರೀತಿ ಕಡಿಮೆ ಇದ್ದದ್ದಕ್ಕೇ ಮಗು ಹೀಗಾಯಿತು ಅಂತ ದೊಡ್ಡ ದೊಡ್ಡ ತಜ್ಞರೇ ಹೇಳಿದರು. ಎಷ್ಟು ತಾಯಂದಿರು ಅತ್ತಿರಬೇಕು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆಮೇಲಿನ ದೊಡ್ಡ ಅಧ್ಯಯನಗಳು ಜೀನ್‌ಗಳ ಪಾತ್ರವನ್ನು ಇನ್ನೂ ಗಟ್ಟಿಯಾಗಿ ತೋರಿಸಿವೆ. ಮೊಬೈಲ್ ಜಾಸ್ತಿಯಾದರೆ ಮಾತು ಕಲಿಯುವುದು ನಿಧಾನವಾಗಬಹುದು, ಆದರೆ ಅದರಿಂದ ಆಟಿಸಂ ಹುಟ್ಟುವುದಿಲ್ಲ.

ಇನ್ನೂ ಒಂದು ವಿಷಯ ಅತ್ತೆ-ಮಾವಂದಿರ ಕಿವಿಗೆ ಬೀಳಬೇಕು. ಮನೆತನದಲ್ಲಿ ಎಲ್ಲೂ ಇರದ ಜೀನ್ ಬದಲಾವಣೆಗಳು ಮಗುವಿನಲ್ಲಿ ಹೊಸದಾಗಿ ಹುಟ್ಟಬಹುದು. 2012ರಲ್ಲಿ ಐಸ್‌ಲ್ಯಾಂಡ್‌ನ ಕುಟುಂಬಗಳಲ್ಲಿ ಇವನ್ನು ಎಣಿಸಿದಾಗ ಕಂಡಿದ್ದು, ಇವುಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರುತ್ತವೆ ಮತ್ತು ತಂದೆಗೆ ಒಂದು ವರ್ಷ ವಯಸ್ಸಾದಂತೆ ಸುಮಾರು ಎರಡು ಬದಲಾವಣೆ ಜಾಸ್ತಿಯಾಗುತ್ತವೆ. ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ, ಕೆಲವು ಮಾತ್ರ ಮಿದುಳಿನ ಬೆಳವಣಿಗೆಗೆ ತಾಗುತ್ತವೆ. ಹಾಗಾಗಿ ಸೊಸೆಯ ತವರಿನ ಕಡೆ ಬೆರಳು ತೋರಿಸುವುದಕ್ಕೆ ಆಧಾರವೇ ಇಲ್ಲ.

ಸ್ಕಿಜೋಫ್ರೇನಿಯಾಗೆ ಬನ್ನಿ, ಇಲ್ಲದ ದನಿ ಕೇಳಿಸುವ, ಯೋಚನೆ ದಾರಿ ತಪ್ಪುವ ಮನಸ್ಸಿನ ಕಾಯಿಲೆ. ಇದರ ಅನುವಂಶೀಯತೆ ಶೇ. 80ರಷ್ಟು ಅಂತ ಎಲ್ಲ ಕಡೆ ಬರೆಯುತ್ತಾರೆ. ಓದಿದವರು ಇದನ್ನು "ಕಾಯಿಲೆಯ ನೂರಕ್ಕೆ ಎಂಬತ್ತು ಪಾಲು ಜೀನ್, ಮುಗೀತು" ಅಂತ ತಿಳಿಯುತ್ತಾರೆ. ಅದರ ಅರ್ಥ ಅದಲ್ಲ. ಚಿಕ್ಕಮಗಳೂರಿನ ಯಾವುದಾದರೂ ಕಾಫಿ ನರ್ಸರಿಗೆ ಹೋಗಿ ನೋಡಿ. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಒಂದೇ ಹದಕ್ಕೆ ಬೆರೆಸಿ ಚೀಲಗಳಿಗೆ ತುಂಬಿ, ಒಂದೇ ಚಪ್ಪರದ ಕೆಳಗೆ ಇಟ್ಟು, ಒಂದೇ ಸಮ ನೀರು ಹಾಕಿದರೆ ಸಸಿಗಳ ನಡುವೆ ಕಾಣುವ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ಬೀಜದ್ದೇ. ಅರ್ಧ ಚೀಲಗಳನ್ನು ಚಪ್ಪರದಿಂದ ತೆಗೆದು ಬಿಸಿಲಿಗಿಟ್ಟು ನೀರು ಕಡಿಮೆ ಮಾಡಿ. ಬೀಜ ಅದೇ, ಆದರೆ ಈಗ ವ್ಯತ್ಯಾಸದಲ್ಲಿ ಬೀಜದ ಪಾಲು ಇಳಿದುಹೋಯಿತು. ಶೇ. 80 ಅನ್ನುವುದು ಒಂದು ಜಾಗದ, ಒಂದು ಕಾಲದ ಜನರ ನಡುವಿನ ವ್ಯತ್ಯಾಸದ ಲೆಕ್ಕ. ನಿಮ್ಮ ತಮ್ಮನ ಕಾಯಿಲೆಯಲ್ಲಿ ಜೀನ್ ಎಷ್ಟು ಅಂತ ಅದು ಹೇಳುವುದಿಲ್ಲ.

ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಜೀನ್ ಎಲ್ಲ ಒಂದೇ, ಆದರೂ ಕನಿಷ್ಠ ಅರ್ಧ ಜನಕ್ಕೆ ಬರಲಿಲ್ಲ. 2022ರ ದೊಡ್ಡ ಅಧ್ಯಯನವೊಂದು ಜೀನೋಮ್‌ನಲ್ಲಿ, ಅಂದರೆ ನಮ್ಮ ಇಡೀ ಜೀನ್ ಸಂಗ್ರಹದಲ್ಲಿ, ಈ ಕಾಯಿಲೆಗೆ ನಂಟಿರುವ 287 ಜಾಗಗಳನ್ನು ಗುರುತಿಸಿತು. ಅಲ್ಲಿನ ಸಾಮಾನ್ಯ ಬದಲಾವಣೆಗಳು ಒಂದೊಂದಾಗಿ ಮಾಡುವ ಪ್ರಭಾವ ತೀರಾ ಚಿಕ್ಕದು, ಎಲ್ಲರಲ್ಲೂ ಇವು ಒಂದಷ್ಟು ಇದ್ದೇ ಇವೆ. ಹೊರಗಿನ ಕಾರಣಗಳೂ ಇವೆ. 1944-45ರ ಚಳಿಗಾಲದಲ್ಲಿ ಜರ್ಮನ್ನರು ಆಹಾರ ತಡೆದು ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗ ಹಸಿವಿನಿಂದ ನರಳಿತು. ಆ ಬರ ಜೋರಾಗಿದ್ದಾಗ ಗರ್ಭಕಟ್ಟಿದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟಾಯಿತು. 1959-61ರ ಚೀನಾದ ಬರದಲ್ಲೂ ಹಾಗೇ ಕಂಡಿತು. ಬಾಲ್ಯದ ಹಿಂಸೆ, ಎಳೆ ವಯಸ್ಸಿನ ಗಾಂಜಾ ಚಟ ಕೂಡ ಅಪಾಯ ಹೆಚ್ಚಿಸುತ್ತವೆ.

ಮಲೆನಾಡಿಗೆ ಇನ್ನೂ ಹತ್ತಿರದ್ದು ಅಯೋಡಿನ್. ಗುಡ್ಡದ ಮಣ್ಣಿನ ಅಯೋಡಿನ್‌ನ್ನು ಮಳೆ ತೊಳೆದುಕೊಂಡು ಹೋಗುತ್ತದೆ, ಅಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆ. ನಮ್ಮ ರಾಜ್ಯದಲ್ಲಿ ಗಳಗಂಡ ಜಾಸ್ತಿ ಇದ್ದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. ಕುತ್ತಿಗೆಯ ಗಡ್ಡೆ ಕಣ್ಣಿಗೆ ಕಾಣುತ್ತದೆ, ಕಾಣದ್ದು ಹೊಟ್ಟೆಯೊಳಗಿನ ಮಗುವಿನ ಮಿದುಳು. ಮೊದಲ ತಿಂಗಳುಗಳಲ್ಲಿ ಅದಕ್ಕೆ ಬೇಕಾದ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಬರಬೇಕು, ಅದಕ್ಕೆ ಅಯೋಡಿನ್ ಬೇಕು. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿದರು. 1962ರಲ್ಲಿ ದೇಶದ ಕಾರ್ಯಕ್ರಮವೇ ಶುರುವಾಯಿತು. ಈಗ ನೋಡಿದರೆ "ನೈಸರ್ಗಿಕ" ಅಂತ ಗುಲಾಬಿ ಉಪ್ಪು, ಅಯೋಡಿನ್ ಇಲ್ಲದ ಹರಳುಪ್ಪು ತರುವ ಖಯಾಲಿ. ಒಲೆ ಪಕ್ಕ ಬಾಯಿ ತೆರೆದ ಭರಣಿಯಲ್ಲಿ ಉಪ್ಪಿಟ್ಟರೂ ಬಿಸಿಗೆ, ತೇವಕ್ಕೆ ಅಯೋಡಿನ್ ಹೋಗುತ್ತದೆ. ಮುಚ್ಚಳ ಹಾಕಿಡಿ, ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿ.

ಥೈರಾಯ್ಡ್ ಗ್ರಂಥಿಯೇ ಸರಿಯಾಗಿ ಬೆಳೆಯದೆ ಹುಟ್ಟುವ ಕೂಸುಗಳೂ ಇವೆ. ಹುಟ್ಟಿದ ಮೊದಲ ವಾರಗಳಲ್ಲೇ ಥೈರಾಕ್ಸಿನ್ ಮಾತ್ರೆ ಶುರು ಮಾಡಿದರೆ ಬುದ್ಧಿ ಎಲ್ಲರಂತೆ ಬೆಳೆಯುತ್ತದೆ. ಹೆರಿಗೆಯಾದ ಆಸ್ಪತ್ರೆಯಲ್ಲೇ ಥೈರಾಯ್ಡ್ ಸರಿ ಇದೆಯಾ ಅಂತ ತಿಳಿಸುವ ಕೂಸಿನ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ ಮಗು, ಎರಡು ವರ್ಷವಾದರೂ ಎರಡು ಪದ ಜೋಡಿಸದ ಮಗು ಇದ್ದರೆ ಹರಕೆ ತೀರಿಸುವವರು ತೀರಿಸಿ, ಆದರೆ ಅದೇ ವಾರ ಅಂಗನವಾಡಿಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ತೋರಿಸಿ. ಮಾತು, ಕಿವಿಯ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹಾಸನದಿಂದ ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರಬಹುದು. ದೊಡ್ಡವರ ಮನಸ್ಸಿನ ತೊಂದರೆಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿಮನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.